ಕ್ಷಮಿಸಿದ ದಿನ

ದಂಗೆಯೆದ್ದ ದ್ವೀಪದ ಗಂಡಸರನ್ನೆಲ್ಲ ಕೊಲ್ಲಬೇಕೆಂದು ನಗರದ ಪ್ರಜೆಗಳು ನಿನ್ನೆ ಗುಡ್ಡದ ಮೇಲೆ ಸೇರಿ ಕೈ ಎತ್ತಿದ್ದರು. ಆಜ್ಞೆ ಹೊತ್ತ ಹಡಗು ಸಂಜೆಗೇ ಹೊರಟುಹೋಗಿತ್ತು. ದ್ವೀಪಕ್ಕೆ ನಾಲ್ಕು ದಿನದ ದಾರಿ. ಅದು ಅವಳ ತವರು; ಅಲ್ಲಿ ಅವಳ ಅಪ್ಪನಿದ್ದ, ಇಬ್ಬರು ತಮ್ಮಂದಿರಿದ್ದರು.

ಅವಳು ಅಳಲಿಲ್ಲ. ಉಣ್ಣೆಯ ಬುಟ್ಟಿಯ ಮುಂದೆ ಕೂತು, ಹಿಂಜಿದ್ದನ್ನೇ ಮತ್ತೆ ಹಿಂಜುತ್ತಿದ್ದಳು.

ಸಭೆ ಎರಡು ದಿನದ್ದು. ಜನರ ಮನಸ್ಸು ರಾತ್ರೋರಾತ್ರಿ ಕರಗಿದೆಯೆಂದು ಬೆಳಗ್ಗೆ ನೀರಿಗೆ ಬಂದ ಹೆಂಗಸರು ಹೇಳಿದ್ದರು. ಆದರೆ ಹೆಂಗಸರಿಗೆ ಗುಡ್ಡದ ಮೇಲೆ ಜಾಗವಿರಲಿಲ್ಲ. ಮಡಕೆ ಮಾಡುವ ಅವಳ ಗಂಡ ಮಧ್ಯಾಹ್ನ ಓಡೋಡಿ ಬಂದ. ತಡವಾಗಿ ಹೋದವರನ್ನು ಸಭೆಯೊಳಕ್ಕೆ ಅಟ್ಟುವ, ಹಸಿ ಬಣ್ಣ ಬಳಿದ ಹಗ್ಗ ತಾಗಿ ಅವನ ಬಟ್ಟೆ ಕೆಂಪಾಗಿತ್ತು.

"ಕ್ಷಮಿಸಿಬಿಟ್ವಿ ಕಣೇ! ನಾನೂ ಕೈ ಎತ್ತಿದೆ."

"ನಿನ್ನೆ?"

"ನಿನ್ನೆನೂ ಎತ್ತಿದ್ದೆ. ಎಲ್ಲರೂ ಎತ್ತಿದ್ರು." ಅವನ ದನಿ ತಗ್ಗಿತು, ಮರುಕ್ಷಣ ಏರಿತು. "ಇವತ್ತು ನೀನು ನೋಡ್ಬೇಕಿತ್ತು. ಮುದುಕರೆಲ್ಲ ಅತ್ತುಬಿಟ್ರು. ಗುರುತಿಲ್ಲದವರನ್ನೂ ತಬ್ಬಿಕೊಂಡು ಮನೆ ಕಡೆ ಹೊರಟ್ವಿ."

ಅವಳು ಉಣ್ಣೆಯನ್ನು ಬುಟ್ಟಿಯಲ್ಲಿಟ್ಟು ಮೊದಲ ಬಾರಿಗೆ ತಲೆಯೆತ್ತಿದಳು.

"ಈ ಸುದ್ದಿ ಒಯ್ಯೋ ಹಡಗು ಎಷ್ಟು ಹೊತ್ತಿಗೆ ಹೊರಡ್ತು?"

ಗಂಡ ಬಟ್ಟೆಯ ಕೆಂಪನ್ನು ಹೆಬ್ಬೆರಳಿಂದ ಉಜ್ಜುತ್ತ ನಿಂತ.

"ಹಡಗು ಕಳಿಸೋದಕ್ಕೂ ಕೈ ಎತ್ತಬೇಕಲ್ಲ, ಅದನ್ನ ಯಾರೂ ಕೇಳ್ಲೇ ಇಲ್ಲ," ಎಂದ. "ಮುಂದಿನ ಸಭೆ ಇನ್ನು ಒಂಬತ್ತು ದಿನಕ್ಕೆ."