ಮಾಳೇಶನ ಕಂಬಳಿ

ಕುಸ್ತಿ ಕಲಿಸುವ ಮುರಗೆಪ್ಪ ವಸ್ತಾದ ಸುಳ್ಳು ಹೇಳಿದ್ದ. ಕಂಬಳಿಯನ್ನು ಅವನು ಸುಟ್ಟಿರಲಿಲ್ಲ.

ಬೆಳಿಗ್ಗೆ ಊರಿನ ದುಂಡೇಶ ಫೋನ್ ಮಾಡಿದ. ಕಬ್ಬೂರಿನ ಹಳೆಯ ಕುಸ್ತಿ ತಾಲೀಮಿನ, ಅಂದರೆ ಗರಡಿಮನೆಯ, ಚಾವಣಿಯ ತಗಡು ಇಳಿಸಲು ಹೋದವನಿಗೆ ಮೂಲೆಯ ಟ್ರಂಕಿನಲ್ಲಿ ಅದು ಕಂಡಿತ್ತು. "ಭಾಗ್ಯಕ್ಕ, ಮಾಳೇಶನ ಕಂಬಳಿ ಐತಿ. ವಸ್ತಾದ ನನ್ನ ಕೈಯಾಗಿಂದ ಕಸಗೊಂಡ. ಯಾರ ಮುಂದೂ ಹೇಳಬ್ಯಾಡ ಅಂದ."

ಡಾಕ್ಟರ್ ಭಾಗ್ಯಾ ಆಗ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ಸಂಜೆ ಬೆಳಗಾವಿಯಲ್ಲಿ ಅವಳಿಗೆ ಪ್ರಶಸ್ತಿ. ಕ್ರೀಡಾ ವೈದ್ಯಕೀಯದಲ್ಲಿ ಈ ವರ್ಷದ ಅತ್ಯುತ್ತಮ ಸಂಶೋಧನೆ ಅವಳದು. ನಿಪ್ಪಾಣಿಯಿಂದ ಕಾಗವಾಡದವರೆಗೆ ತಾಲೀಮು ತಾಲೀಮು ಅಲೆದು, ಮುನ್ನೂರು ಪೈಲವಾನರ ಮೈ ಬಿಸಿ ಅಳೆದು, ತೂಕ ಇಳಿಸಲು ಬೆವರು ಹರಿಸುವವರು ಹೇಗೆ ಸಾಯುತ್ತಾರೆ ಎಂದು ತೋರಿಸಿಕೊಟ್ಟಿದ್ದಳು. ಆ ಪ್ರಬಂಧದ ಮೊದಲನೇ ಪ್ರಕರಣ ಅವಳ ಅಣ್ಣ ಮಾಳೇಶ.

ಹದಿನೆಂಟು ವರ್ಷದ ಹಿಂದಿನ ಮಾತು. ನಿಪ್ಪಾಣಿಯಲ್ಲಿ ಕುಸ್ತಿ ಇತ್ತು. ಮಾಳೇಶನ ತೂಕ ಮುಕ್ಕಾಲು ಕಿಲೋ ಹೆಚ್ಚಿತ್ತು. ಕಂಬಳಿ ಸುತ್ತಿಕೊಂಡು ಬಿಸಿಲಲ್ಲಿ ಓಡಿದರೆ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಕುರಿ ಕಾಯುವವರ ಮನೆಯಲ್ಲಿ ಕಂಬಳಿ ಎಂದರೆ ದೇವರು; ಮಗ ಕುಸ್ತಿಗೆ ಹೊರಟರೆ ತಾಯಿಯೇ ತನ್ನ ಕೈಯಾರೆ ಸುತ್ತಿ ಕಟ್ಟಬೇಕು. ಕೆಂಪವ್ವ ಕಟ್ಟಿದಳು. ಮಗ ತಾಲೀಮಿಗೆ ಹೋದ. ಮಧ್ಯಾಹ್ನ ನಾಲ್ಕು ಜನ ಹೊತ್ತುಕೊಂಡು ಬಂದರು. ಚಿಕ್ಕೋಡಿಯ ಹಾಸ್ಟೆಲಿನಿಂದ ಭಾಗ್ಯಾ ಬರುವಷ್ಟರಲ್ಲಿ ಮಣ್ಣೂ ಆಗಿತ್ತು.

ವಸ್ತಾದ ಪಂಚರ ಮುಂದೆ ತಾನೇ ಒಪ್ಪಿಕೊಂಡ. "ಕೆಂಪವ್ವ ಕಟ್ಟಿದ್ದು ಸಡಿಲ ಇತ್ರಿ. ನಾನs ಬಿಚ್ಚಿ, ಮತ್ತ ಬಿಗದ ಕಟ್ಟಿದೆ. ತಪ್ಪ ನಂದು." ಕಂಬಳಿ ಎಲ್ಲಿ ಎಂದರೆ, ಸುಟ್ಟೆ ಎಂದ. ಅಂದಿನಿಂದ ಅವನ ತಾಲೀಮಿಗೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಅರವತ್ತು ಪೈಲವಾನರನ್ನು ತಯಾರು ಮಾಡಿದ ಮನುಷ್ಯ ಕಬ್ಬಿಗೆ ನೀರು ಬಿಡುತ್ತಾ ಮುದುಕನಾದ. ಅವನ ಹೊಲ ದಾಟುವಾಗಲೆಲ್ಲ ಕೆಂಪವ್ವ ತಪ್ಪದೆ ಉಗುಳುತ್ತಿದ್ದಳು. ಅದೊಂದು ಅವಳ ನಿತ್ಯದ ಪೂಜೆ.

ಭಾಗ್ಯಾ ಕಾರು ತೆಗೆದಾಗ ಕೆಂಪವ್ವ ಆಗಲೇ ಹಿಂದಿನ ಸೀಟಿನಲ್ಲಿ ಕೂತು ರೊಟ್ಟಿಯ ಬುತ್ತಿ ಕಟ್ಟುತ್ತಿದ್ದಳು. ಅವಳು ಎಡಚಿ. ಕುರಿಮರಿಗೆ ಹಾಕುವ ಗಂಟನ್ನೇ ಎಲ್ಲದಕ್ಕೂ ಹಾಕುವಳು, ಎಡಕ್ಕೆ ಎರಡು ಸುತ್ತು. ಊರಿನಲ್ಲಿ ಬೇರೆ ಯಾರ ಕೈಗೂ ಅದು ಬಂದದ್ದಿಲ್ಲ.

"ಅವ್ವಾ, ಇದನ್ನ ಬಿಚ್ಚೋರ ಯಾರ? ಊಟದ ಹೊತ್ತಿಗೆ ಹಸಿದ ಸಾಯೂದೈತಿ."

"ನಾ ಬಿಚ್ಚತೀನಿ ತಗೋ. ದೊಡ್ಡ ಡಾಕ್ಟರ್ ಆಗಿ, ಒಂದ ಗಂಟ ಬಿಚ್ಚಾಕ ಬರೂದಿಲ್ಲ." ನಗುತ್ತಾ ಹೇಳಿದವಳ ಮುಖ ಕಾರು ತಾಲೀಮಿನ ಕಡೆ ಹೊರಳಿದ್ದೇ ಸಿಂಡರಿಸಿತು. "ಇಲ್ಲಿಗ್ಯಾಕ ಬಂದಿ ಬೇ? ಆ ಹಾಟ್ಯಾನ ಮಾರಿ ನೋಡೂದಿಲ್ಲ ನಾ."

"ನೀ ಕೂಡು. ಬಂದೆ."

ವಸ್ತಾದ ತಾಲೀಮಿನ ಬಾಗಿಲಿಗೆ ಅಡ್ಡ ನಿಂತಿದ್ದ. ಬಗಲಲ್ಲಿ ಕಪ್ಪು ಸುರುಳಿ. ಎಪ್ಪತ್ತೈದರ ಮುದುಕ, ಆದರೂ ಕಾಲೂರಿ ನಿಂತ ರೀತಿ ಪೈಲವಾನನದೇ.

"ಕೊಡ್ರಿ," ಎಂದಳು.

"ಪ್ರಶಸ್ತಿ ತಗೋಳವ್ವಾ. ಕಂಬಳಿ ಬಿಡು."

"ಹದಿನೆಂಟ ವರ್ಷ ಯಾಕ ಮುಚ್ಚಿಟ್ಟೀರಿ? ಇದನ್ನ ಹಿಡಕೊಂಡ ಸ್ಟೇಜ್ ಮ್ಯಾಲ ನಿಲ್ಲತೀನಿ. ಮಂದಿ ನೋಡ್ಲಿ." ಪರ್ಸಿನಿಂದ ಭಾಷಣದ ಮೊದಲ ಹಾಳೆ ತೆಗೆದು ಅವನ ಮುಖದೆದುರು ಹಿಡಿದಳು. "ಇಲ್ಲಿ ನಿಮ್ಮ ಹೆಸರೈತಿ. ತಾಯಿ ಕಟ್ಟಿದ ಗಂಟ ಬಿಚ್ಚಿ ಬಿಗದ ಕಟ್ಟಿದ ವಸ್ತಾದ ಅಂತ ಬರದೀನಿ."

"ಛಲೋ ಬರದಿ. ಹಂಗs ಓದು."

ಆ ಮಾತಿನ ತಣ್ಣಗಿನ ಧಾಟಿ ಅವಳಿಗೆ ಉರಿ ಹಚ್ಚಿತು. ಕೈ ಹಾಕಿ ಎಳೆದಳು. ಮುದುಕನ ಹಿಡಿತ ಮೊದಲಿನಂತಿರಲಿಲ್ಲ. ಸುರುಳಿ ಬಿಚ್ಚಿ ಅಖಾಡದ ಒಣ ಮಣ್ಣಿನ ಮೇಲೆ ಬಿತ್ತು, ಅದರೊಂದಿಗೆ ಉಣ್ಣೆಯ ಹಗ್ಗವೂ. ಭಾಗ್ಯಾ ಬಗ್ಗಿ ಹಗ್ಗವನ್ನು ಎತ್ತಿಕೊಂಡಳು. ಬೆರಳಿನಿಂದ ಸವರಿದಳು. ಮತ್ತೊಮ್ಮೆ ಸವರಿದಳು. ಹೊಸ ಸೀರೆಯಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಅಣ್ಣ ಸತ್ತ ದಿನವೂ ಅವಳು ಹೀಗೆ ಅತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಭಾಷಣದ ಹಾಳೆಯನ್ನು ಹರಿಯಲು ಹೋದಳು. ವಸ್ತಾದ ಕೈ ಹಿಡಿದ.

"ಹರಿಬ್ಯಾಡ ನನ್ನವ್ವ. ನಿಮ್ಮವ್ವ ಮುಂದ ಕುಂತಿರತಾಳ. ಬರದಂಗs ಓದು. ನನಗ ರೂಢಿ ಆಗೇತಿ."

ಅವಳು ಕಂಬಳಿಯನ್ನು ಮಡಚಿದಳು, ಹಗ್ಗ ಒಳಗೆ ಬರುವಂತೆ. ಅವನ ಕೈಗೇ ಕೊಟ್ಟಳು. ಬಗ್ಗಿ ಅವನ ಕಾಲು ಮುಟ್ಟಿದಳು.

ಕಾರಿನ ಬಾಗಿಲು ತೆಗೆದಾಗ ಕೆಂಪವ್ವ ಕತ್ತು ಚಾಚಿದಳು. "ಏನ ಇಸಗೊಳ್ಳಾಕ ಹೋಗಿದ್ದಿ? ಅಳಾಕತ್ತಿ ಯಾಕ?"

"ಕಂಬಳಿ ಐತಿ ಅಂದಿದ್ರವ್ವಾ. ಇಲ್ಲ. ಖರೇನ ಸುಟ್ಟಾನ."

ಕೆಂಪವ್ವ ಕಿಟಕಿಯಾಚೆ ಉಗುಳಿದಳು. "ಉಸರಾಡಾಕ ಜಾಗಾ ಬಿಟ್ಟ ಕಟ್ಟಿದ್ದೆ ನಾ. ನನ್ನ ಗಂಟ ಹಂಗs ಇದ್ದಿದ್ರ ನನ್ನ ಮಗ ಇವತ್ತ ಇರತಿದ್ದ. ಅದನ್ನ ಬಿಚ್ಚಿದ ಕೈಗೆ ಹುಳ ಬೀಳಲಿ."

ಆ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ಅಂದು ಮಾಳೇಶನನ್ನು ಬಿಡಿಸಲು ಹಗ್ಗವನ್ನು ಪಕ್ಕದಲ್ಲಿ ಕುಡುಗೋಲಿನಿಂದ ಕೊಯ್ದಿದ್ದರು. ಗಂಟು ಹಾಗೇ ಇತ್ತು, ಎಡಕ್ಕೆ ಎರಡು ಸುತ್ತು.