ಬೀರುವಿನಲ್ಲಿದ್ದ ಒರಿಜಿನಲ್‌ಗಳು

"ಈ ಪುಸ್ತಕ ಎಷ್ಟು ಕಾಲೇಜು ನೋಡಿದೆ?" ಕೇಳಿದರು ತಪಾಸಣೆಗೆ ಬಂದಿದ್ದ ಶ್ರೀಕಂಠಯ್ಯ.

ಮೊದಲ ಪುಟದಲ್ಲಿ ಮೂರು ಕಾಲೇಜುಗಳ ಮೊಹರಿತ್ತು. ಕೆ.ಆರ್. ಪುರದ ಈ ಕಾಲೇಜಿನದು ಮಾತ್ರ ಇರಲಿಲ್ಲ. ಅದು ಬಿ.ಇಡಿ. ಕಾಲೇಜುಗಳು ನಾಯಿಕೊಡೆಗಳಂತೆ ಎದ್ದಿದ್ದ ಎರಡು ಸಾವಿರದ ನಾಲ್ಕನೇ ಇಸವಿ. ಮಾನ್ಯತೆಗೆ ಮುನ್ನ ಯೂನಿವರ್ಸಿಟಿ ಕಮಿಟಿ ಬಂದು ನೋಡಬೇಕು. ಕಮಿಟಿಗೆ ತೋರಿಸಲು ಬೇಕಾದ ಸಮಸ್ತವನ್ನೂ ಬಾಡಿಗೆಗೆ ಕೊಡುವುದು ಶಿವಾಜಿನಗರದ ಅಕ್ತರ್‌ನ ಕಸುಬು. ಲೈಬ್ರರಿ ಪೂರ್ತಿ ಅವನ ಟೆಂಪೋದಲ್ಲಿ ಬೆಳಿಗ್ಗೆ ಬಂದಿತ್ತು. ಪುಸ್ತಕಗಳ ನಡುವೆ ಏಳು ಮಂದಿ ಪ್ರಾಧ್ಯಾಪಕರೂ ಇದ್ದರು. ಅವರಲ್ಲೊಬ್ಬನನ್ನು ನಿಮ್ಮ ವಿಷಯ ಯಾವುದೆಂದು ಶ್ರೀಕಂಠಯ್ಯ ಕೇಳಿದರೆ, "ಯಾವ್ದು ಬೇಕು ಸಾರ್?" ಅಂದ.

ಶ್ರೀಕಂಠಯ್ಯ ಎಲ್ಲವನ್ನೂ ಕಾರ್ಬನ್ ಇಟ್ಟು ಬರೆದುಕೊಂಡರು. ಅಪ್ಪನ ರಾಗಿ ಹೊಲದಲ್ಲಿ ಕಾಂಪ್ಲೆಕ್ಸ್ ಕಟ್ಟಿ, ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಕಾಲೇಜು ಇಟ್ಟಿದ್ದ ಕಾರ್ಯದರ್ಶಿ ಮುನೀಂದ್ರ ಪ್ರತಿ ತಪ್ಪಿಗೂ ತಲೆಯಾಡಿಸಿದ. ಇಷ್ಟು ವಿನಯವನ್ನು ಅವನಲ್ಲಿ ಯಾರೂ ಕಂಡಿರಲಿಲ್ಲ.

ಇಡೀ ಕಾಲೇಜಿನಲ್ಲಿ ಅಸಲಿ ಅನ್ನುವುದು ಒಂದೇ: ಉಪನ್ಯಾಸಕಿ ವೇದಾ. ಎಸ್ಸೆಸ್ಸೆಲ್ಸಿಯಿಂದ ಎಂ.ಇಡಿ. ತನಕ ಅವಳ ಒರಿಜಿನಲ್ ಅಂಕಪಟ್ಟಿಗಳು ಮುನೀಂದ್ರನ ಬೀರುವಿನಲ್ಲಿದ್ದವು. ಕಮಿಟಿಗೆ ತೋರಿಸಬೇಕು ಅಂತ ಕೆಲಸಕ್ಕೆ ಸೇರಿದ ದಿನವೇ ಇಸಿದುಕೊಂಡವನು ಒಂದೂವರೆ ವರ್ಷವಾದರೂ ವಾಪಸ್ ಕೊಟ್ಟಿರಲಿಲ್ಲ. ಈಗ ಅವಳಿಗೆ ಸರ್ಕಾರಿ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಒರಿಜಿನಲ್ ತೋರಿಸದಿದ್ದರೆ ಅದು ಇನ್ನೊಬ್ಬರ ಪಾಲು. ಕೇಳಿ ಕೇಳಿ ಸಾಕಾಗಿ, ಅವಳಿಗೆ ಅಳುವುದೊಂದು ಬಾಕಿ ಇತ್ತು.

ಕಾಫಿ ತಂದವಳೂ ಅವಳೇ. "ಸಕ್ಕರೆ ಹಾಕಿಲ್ಲ" ಅಂದು ಶ್ರೀಕಂಠಯ್ಯನವರಿಗೆ ಲೋಟ ಕೊಟ್ಟಳು. ಜೊತೆಗೆ, ಕಾಲೇಜಿನ ಬಣ್ಣವೆಲ್ಲ ಬಯಲು ಮಾಡುವ ಒಂದು ಕಾಗದ. ಬುದ್ಧಿ ಇದ್ದವರು ಇಂಥದ್ದಕ್ಕೆ ಮೂಕರ್ಜಿ ಬರೆಯುತ್ತಾರೆ. ಈ ಹುಡುಗಿ 'ಎಸ್. ವೇದಾ' ಎಂದು ಸಹಿ ಹಾಕಿ, ತಾರೀಖನ್ನೂ ಬರೆದಿದ್ದಳು.

ಸಂಜೆ ನಾಲ್ಕಕ್ಕೆ ಮುನೀಂದ್ರ ಅವಳನ್ನು ಕರೆಸಿದ. ಆ ಕಾಗದ ಅವನ ಮೇಜಿನ ಮೇಲಿತ್ತು.

"ಅವ್ರು ಯೂನಿವರ್ಸಿಟಿಯೋರಲ್ಲ ಮೇಡಂ. ಅಕ್ತರ್ ಕಳ್ಸಿದ ಟ್ರಯಲ್ ಇನ್ಸ್‌ಪೆಕ್ಟರ್ರು. ನಿಜವಾದ ಕಮಿಟಿ ಬರೋದು ನಾಳೆ."

ಹೌದು, ಅಕ್ತರ್‌ನ ಬಾಡಿಗೆ ಸಾಮಾನಿನಲ್ಲಿ ಇನ್ಸ್‌ಪೆಕ್ಟರೂ ಸೇರಿದ್ದ. ಮುನ್ನಾದಿನ ಬಂದು ತಪ್ಪು ಹುಡುಕಿಕೊಟ್ಟು ಹೋಗುವುದು ಅವನ ಕೆಲಸ.

"ನಿಮ್ ಫೈಲ್ ಇಲ್ಲಿದ್ರೆ ನಾಳೆ ಕಮಿಟಿಯೋರು ನಿಮ್ಮನ್ನೇ ಕರೀತಾರೆ, ಇವತ್ತೇ ಕೊಟ್ಟು ಕಳ್ಸಿಬಿಡಿ ಅಂತ ಆ ಸಾರೇ ಹೇಳಿದ್ರು. ತಗೊಳ್ಳಿ. ಇನ್ಮೇಲೆ ಈ ಕಡೆ ತಲೆ ಹಾಕ್ಬೇಡಿ."

ಫೈಲನ್ನು ಮೇಜಿನ ಮೇಲೆ ಎಸೆದ. ಕೊಟ್ಟ ಬಾಡಿಗೆಗೆ ಇಂಥ ಸಲಹೆಯೂ ಸಿಕ್ಕಿತಲ್ಲ ಎಂದು ಅವನಿಗೆ ಬಹಳ ಖುಷಿಯಾಗಿತ್ತು.

ವೇದಾ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದಳು. ರೈಲ್ವೆ ಸ್ಟೇಷನ್ನಿನ ಬಸ್‌ಸ್ಟಾಪಿನಲ್ಲಿ ಶ್ರೀಕಂಠಯ್ಯ ನಿಂತಿದ್ದರು. ತಪ್ಪುಗಳ ಕಾರ್ಬನ್ ಪ್ರತಿ ಅವರ ಜೇಬಿನಲ್ಲಿತ್ತು. ಅದನ್ನು ಹಾಕಿದ ಲಕೋಟೆಯ ಮೇಲೆ ನಾಳೆ ಬರುವ ಕಮಿಟಿಯ ಅಧ್ಯಕ್ಷರ ಹೆಸರಿತ್ತು.

"ಎಲ್ಲಾ ಇದ್ಯಾ, ನೋಡ್ಕೊಂಡ್ಯಾ?" ಎಂದರು.

ವೇದಾ ಫೈಲು ಬಿಚ್ಚಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದಳು. ಒಂದೂವರೆ ವರ್ಷ ಬೀಗ ಹಾಕಿ ಇಟ್ಟುಕೊಂಡಿದ್ದ ಮುನೀಂದ್ರ ಒಂದು ದಿನವೂ ಓದದ ಸಾಲು ಅದರಲ್ಲಿತ್ತು. ತಂದೆಯ ಹೆಸರು: ಶ್ರೀಕಂಠಯ್ಯ.