ಗ್ರಾಮಸ್ಥರ ದೂರು

ನಾಲ್ಕು ಲಕ್ಷ ಜನ ನೋಡಿದ್ದ ವಿಡಿಯೋ ಬೆಳಿಗ್ಗೆ ಹತ್ತೂಕಾಲಿಗೆ ಇಲ್ಲವಾಯಿತು. ಬಿ.ಸಿ.ರೋಡಿನ ತನ್ನ ಫೋಟೋ ಸ್ಟುಡಿಯೋದಲ್ಲಿ ಲೋಕನಾಥ ಮೊಬೈಲನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿದ. ವಿಡಿಯೋ ಇದ್ದ ಜಾಗದಲ್ಲಿ ಒಂದೇ ಸಾಲು: ಸರಕಾರದ ಕೋರಿಕೆಯಂತೆ ಇದು ಭಾರತದಲ್ಲಿ ಲಭ್ಯವಿಲ್ಲ.

ವಿಡಿಯೋದಲ್ಲಿ ಮಾತಾಡಿದ್ದ ವಿಸ್ಮಿತಾ ಓಡಿ ಬಂದಳು. ಬಸ್ ಸ್ಟ್ಯಾಂಡಿನ ಎದುರಿನ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಅವಳ ಅಪ್ಪ ಧರ್ಣಪ್ಪ ಜುಲೈ ಐದರಂದು ಊರಿನ ಹಳ್ಳ ದಾಟುವ ಕಾಲುಸಂಕದ ಹಲಗೆ ಮುರಿದು, ತುಂಬಿ ಹರಿಯುತ್ತಿದ್ದ ತೋಡಿಗೆ ಬಿದ್ದು ಸತ್ತಿದ್ದ. ಜನವರಿಯಲ್ಲಷ್ಟೇ ಮಂತ್ರಿಯೊಬ್ಬರು ಉದ್ಘಾಟನೆ ಮಾಡಿದ್ದ ಸಂಕ ಅದು. ‘ಕುಡಿದು ಬಿದ್ದದ್ದು’ ಎಂದು ಅಧಿಕಾರಿಗಳು ಪತ್ರಿಕೆಯವರಿಗೆ ಹೇಳಿ ಕೈ ತೊಳೆದುಕೊಂಡರು. ಜನ್ಮದಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ವಿಸ್ಮಿತಾ ಆ ಮುರಿದ ಹಲಗೆಯ ಪಕ್ಕದಲ್ಲೇ ನಿಂತು ಹೇಳಿದ್ದಳು: “ಮಂತ್ರಿಗಳೇ, ನೀವು ಕತ್ತರಿಸಿದ ರಿಬ್ಬನ್ ಇನ್ನೂ ಕಂಬದಲ್ಲಿ ಉಂಟು, ಹಲಗೆ ಇಲ್ಲ. ನನ್ನ ಅಪ್ಪ ಕುಡುಕ ಅಲ್ಲ. ಒಮ್ಮೆ ಬಂದು ಇದರ ಮೇಲೆ ನೀವೇ ನಡೆದು ನೋಡಿ.” ಅದೇ ಊರಿನವನಾದ ಲೋಕನಾಥ ಅದನ್ನು ಶೂಟ್ ಮಾಡಿ ತನ್ನ ಪೇಜಿಗೆ ಹಾಕಿದ್ದ. ಮೂರೇ ದಿನದಲ್ಲಿ ಪಂಚಾಯಿತಿಯವರು ಹೊಸ ಹಲಗೆ ಹಾಕಿಬಿಟ್ಟರು. ಅಪ್ಪ ಹೇಗೆ ಸತ್ತ ಎನ್ನಲು ಲೋಕದ ಮುಂದೆ ಉಳಿದದ್ದು ಆ ವಿಡಿಯೋ ಒಂದೇ.

“ನಿಮ್ಮ ಹತ್ರ ಕಾಪಿ ಉಂಟಲ್ಲ ಲೋಕಣ್ಣ, ಇನ್ನೊಮ್ಮೆ ಹಾಕಿ.”

“ಹಾಕಿದ್ರೆ ಪೇಜೇ ಬಂದ್ ಅಂತೆ. ಕಂಪನಿಯವರ ಮೇಲ್ ಬಂದಿದೆ. ಇಂಗ್ಲಿಷ್ ಅದು, ನನಗೆ ಅಷ್ಟೇ ಗೊತ್ತಾದದ್ದು, ನೀನೇ ಓದು ಮಾರಾಯ್ತಿ.”

ಅವಳು ಓದಿದಳು. “ನೋಟಿಸ್ ಸಿಕ್ಕಿ ಮೂರು ಗಂಟೆಯ ಒಳಗೆ ತೆಗೆಯದಿದ್ರೆ ಕಂಪನಿ ಮೇಲೆಯೇ ಕೇಸು ಹಾಕ್ತೇವೆ ಅಂತ ಸರಕಾರ ಹೇಳಿದೆಯಂತೆ. ಅವರಿಗೆ ಒಪ್ಪಿಗೆ ಇಲ್ಲವಂತೆ. ಆದ್ರೂ ತೆಗೆದಿದ್ದಾರಂತೆ.”

“ಒಪ್ಪಿಗೆ ಇಲ್ಲ, ಆದ್ರೂ ತೆಗೆದ್ರು! ಎಂಥ ಗಂಡಸರು! ಅಷ್ಟು ದೊಡ್ಡ ಕಂಪನಿಗೆ ಒಂದು ಕಾಗದ ಸಾಕಾಯ್ತಾ?”

ಮೇಲ್ ಜೊತೆ ಸರಕಾರದ ನೋಟಿಸಿನ ಪ್ರತಿ ಇತ್ತು. ಅದರ ಹಿಂದೆ ಜುಲೈ ಹದಿನೆಂಟರ ತಾರೀಕಿನ ಒಂದು ದೂರು, ಕನ್ನಡದಲ್ಲಿ ಟೈಪ್ ಮಾಡಿದ್ದು. ‘ಕಾಲುಸಂಕ ಸುಸ್ಥಿತಿಯಲ್ಲಿತ್ತು. ಮೃತರು ಮದ್ಯಪಾನ ಮಾಡಿದ್ದರು. ಸುಳ್ಳು ವಿಡಿಯೋದಿಂದ ಊರಿನ ಶಾಂತಿ ಕದಡುತ್ತಿದೆ. ಅದನ್ನು ತೆಗೆಸಬೇಕಾಗಿ ಗ್ರಾಮಸ್ಥರ ವಿನಂತಿ.’ ಕೆಳಗೆ ನೂರ ನಲವತ್ತಮೂರು ಸಹಿ.

ಲೋಕನಾಥ ಎಲ್ಲವನ್ನೂ ಪ್ರಿಂಟ್ ತೆಗೆದ. ಸಹಿ ಹಾಕಿದ ಒಬ್ಬೊಬ್ಬನ ಮನೆಗೂ ಹೋಗಿ ಮುಖಕ್ಕೆ ಉಗಿಯಬೇಕೆಂಬ ಸಿಟ್ಟು ಅವನಿಗೆ. ಬೆರಳಿಟ್ಟು ಓದುತ್ತ ಹೋದ. ಹನ್ನೆರಡನೆಯ ಹೆಸರಿನ ಮೇಲೆ ಬೆರಳು ನಿಂತಿತು. ಅವನದೇ ಹೆಸರು, ಅವನದೇ ಸಹಿ. ಹದಿಮೂರನೆಯದು ಅವನ ಹೆಂಡತಿ ಶಶಿಪ್ರಭಾ.

“ಇದು ಗ್ರಾಮಸಭೆಯ ಹಾಳೆ!”

ಜೂನ್ ಕೊನೆಗೆ ಊರಿನಲ್ಲಿ ಗ್ರಾಮಸಭೆ ನಡೆದಿತ್ತು. ಒಳಗೆ ಹೋಗುವವರೆಲ್ಲ ಬಾಗಿಲಲ್ಲೇ ಹಾಜರಿಗೆ ಸಹಿ ಹಾಕಬೇಕು, ಇಲ್ಲದಿದ್ದರೆ ಕೋರಂ ಆಗುವುದಿಲ್ಲ. ಬಿಡಿ ಹಾಳೆಗಳು. ತಲೆಬರಹ ಇರುವುದಿಲ್ಲ, ಅದನ್ನು ಪಂಚಾಯಿತಿಯವರು ಆಮೇಲೆ ಬರೆದುಕೊಳ್ಳುತ್ತಾರೆ. ಇಷ್ಟು ವರ್ಷ ಅದು ಯಾಕೆ ಹಾಗೆ ಎಂದು ಕೇಳಿದವರಿಲ್ಲ. ಸಹಿ ಹಾಕು, ಚಾ ಕುಡಿ, ಗೋಳಿಬಜೆ ತಿನ್ನು, ಹೋಗಿ ಕುಳಿತುಕೋ.

ಲೋಕನಾಥ ಪಂಚಾಯಿತಿಯ ಗುಮಾಸ್ತ ಶಿವಕೃಷ್ಣ ಭಟ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. “ಭಟ್ರೇ, ನಾನು ನನ್ನ ಮೇಲೆಯೇ ದೂರು ಕೊಟ್ಟದ್ದು ಯಾವಾಗ?”

“ಬೊಬ್ಬೆ ಹಾಕ್ಬೇಡಿ ಲೋಕನಾಥಣ್ಣ. ಸಾರ್ವಜನಿಕರ ದೂರು ಬೇಕು, ಅರ್ಧ ಗಂಟೆಯಲ್ಲಿ ಕಳಿಸಿ ಅಂತ ಮೇಲಿನಿಂದ ಫೋನು. ಮನೆ ಮನೆಗೆ ಹೋಗ್ಲಿಕ್ಕೆ ಪುರುಸೊತ್ತು ಎಲ್ಲಿ ಉಂಟು? ಹಾಳೆ ಇತ್ತು, ಕೊಟ್ಟೆವು.”

“ಕೊಟ್ಟೆವು! ನಮ್ಮ ಸಹಿ ನಿಮ್ಮ ಅಪ್ಪನ ಸೊತ್ತಾ?”

“ನನ್ನತ್ರ ಯಾಕೆ ಸಿಟ್ಟು? ನಾನು ಸಣ್ಣ ನೌಕರ. ಕಂಪನಿಯವರೇ ಹೆದರಿದ ಮೇಲೆ ನಾನು ಯಾವ ಲೆಕ್ಕ?”

ಲೋಕನಾಥ ಬೈಯಲು ಬಾಯಿ ತೆರೆದವನು ವಿಸ್ಮಿತಾಳ ಕಡೆ ತಿರುಗಿದ. ಅವಳು ಮೂರನೆಯ ಹಾಳೆಯನ್ನು ಹಿಡಿದು ನಿಂತಿದ್ದಳು. ಎಂಬತ್ತೇಳನೆಯ ಸಾಲು. ಮೂರನೇ ಕ್ಲಾಸಿನವರೆಗೆ ಓದಿದ್ದ ಧರ್ಣಪ್ಪನಿಗೆ ಗೀಚುವ ಸಹಿ ಬರುತ್ತಿರಲಿಲ್ಲ. ಹೆಸರನ್ನೇ ದಪ್ಪ ದಪ್ಪ ಅಕ್ಷರದಲ್ಲಿ, ಒತ್ತಿ ಒತ್ತಿ ಪೂರ್ತಿ ಬರೆದಿದ್ದ. ಆ ದಿನ ಒಂದು ಹೊತ್ತಿನ ಕೆಲಸ ಬಿಟ್ಟು ಅವನು ಗ್ರಾಮಸಭೆಗೆ ಹೋದದ್ದು ಸಂಕದ ಹಲಗೆ ಕೊಳೆತು ಕುಂಬಾಗಿದೆ, ಬದಲಿಸಿ ಎಂದು ಹೇಳಲಿಕ್ಕೆ.

“ಲೋಕಣ್ಣ,” ಎಂದಳು ವಿಸ್ಮಿತಾ. “ಕುಡಿದು ಬಿದ್ದೆ ಅಂತ ಅಪ್ಪನೇ ದೂರು ಕೊಟ್ಟಿದ್ದಾರೆ.”

ಅವಳು ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಭಟ್ರೇ, ನಾನು ಧರ್ಣಪ್ಪನ ಮಗಳು. ದೂರಿನ ತಾರೀಕು ಜುಲೈ ಹದಿನೆಂಟು. ಅಪ್ಪ ತೀರಿಕೊಂಡದ್ದು ಐದಕ್ಕೆ. ಎಂಬತ್ತೇಳನೆಯ ಹೆಸರು ಒಮ್ಮೆ ನೋಡಿ.”

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿತು. ಆಮೇಲೆ ಭಟ್ಟರು ಬಹಳ ಮೆತ್ತಗೆ, ಮನೆಯ ಹಿರಿಯನಂತೆ ಮಾತಾಡಿದರು.

“ಛೆ, ಅದು ನಾನು ನೋಡ್ಲಿಲ್ಲ ಮಗಾ. ನೀನು ಒಂದು ಕೆಲಸ ಮಾಡು. ಅಪ್ಪನ ಮರಣ ಪ್ರಮಾಣಪತ್ರ ಹಿಡ್ಕೊಂಡು ನಾಳೆ ಆಫೀಸಿಗೆ ಬಾ, ಆ ಒಂದು ಹೆಸರು ತೆಗೆಯುವ. ಆಗ್ಲೂ ನೂರ ನಲವತ್ತೆರಡು ಉಂಟಲ್ಲ.”